ಸೊಂಟ ನಲವತ್ತೆರಡರ ಆಸಾಮಿ

ನಮ್ಮ ಬೀದಿಯ ಟೈಲರ್ ಮಾಸ್ಟರಿಗೆ ಮುಖಗಳು ನೆನಪಿರುವುದಿಲ್ಲ, ಅಳತೆಗಳು ಮರೆಯುವುದಿಲ್ಲ. ದಾರಿಯಲ್ಲಿ ನೀವು ಎದುರಾಗಿ ಮಾತನಾಡಿಸಿದರೆ ಅವರ ಕಣ್ಣು ಮೊದಲು ನಿಮ್ಮ ಎದೆಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಸೊಂಟಕ್ಕೆ ಬರುತ್ತದೆ, ಪ್ಯಾಂಟಿನ ಗುಂಟ ಕೆಳಗಿಳಿದು ಪಾದದ ಹತ್ತಿರ ಗುರುತು ಹಿಡಿಯುತ್ತದೆ. "ಓ, ಮೂವತ್ತೆಂಟು ಮೂವತ್ತನಾಲ್ಕು, ಬಲಗೈ ಅರ್ಧ ಇಂಚು ಉದ್ದ. ನೀವಾ? ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಆ ಮೂವತ್ತೆಂಟು ಮೂವತ್ತನಾಲ್ಕು ನಾನೇ. ಏಳು ವಾರದ ಹಿಂದೆ ಅವರಿಗೊಂದು ಪ್ಯಾಂಟು ಹೊಲಿಯಲು ಕೊಟ್ಟಿದ್ದೇನೆ. ಕೇಳಲು ಹೋದಾಗಲೆಲ್ಲ ಪ್ಯಾಂಟಿನ ಬದಲು ಈ ಕಥೆಯ ಒಂದೊಂದು ತುಂಡು ಕೊಟ್ಟು ಕಳಿಸಿದರು. ತುಂಡುಗಳನ್ನು ಜೋಡಿಸಿದವನು ನಾನು. ಹೊಲಿಗೆ ಎಲ್ಲಾದರೂ ಬಿಟ್ಟಿದ್ದರೆ ತಪ್ಪು ನನ್ನದು.

ಒಂದು ಸಂಗತಿ ಮೊದಲೇ ಹೇಳಿಬಿಡಬೇಕು. ಊರಿನವರ ಅಳತೆಯೆಲ್ಲ ನಾಲಗೆಯ ತುದಿಯಲ್ಲಿರುವ ಈ ಮನುಷ್ಯ ತನ್ನ ಅಳತೆ ತೆಗೆದುಕೊಂಡದ್ದು ಇಪ್ಪತ್ತು ವರ್ಷದ ಹಿಂದೆ, ಮದುವೆಯ ಹಿಂದಿನ ವಾರ. ಎದೆ ಮೂವತ್ತಾರು, ಸೊಂಟ ಮೂವತ್ತು. ಅದನ್ನು ಯಾರೂ ಕೇಳದಿದ್ದರೂ ಹೇಳುತ್ತಾರೆ. ತಮಗೆ ಬಟ್ಟೆ ಬೇಕಾದಾಗ ಟೇಪು ಮುಟ್ಟುವುದಿಲ್ಲ. ಹಳೆಯ ಪ್ಯಾಂಟನ್ನೇ ಅಳತೆಬಟ್ಟೆ ಮಾಡಿಕೊಂಡು ಹೊಸ ಬಟ್ಟೆಯ ಮೇಲೆ ಹಾಸಿ, ಸುತ್ತ ಸೀಮೆಸುಣ್ಣ ಎಳೆದು, ಈಗಿನ ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸುತ್ತಾರೆ. ಮುಂದಿನ ಸಲ ಆ ಪ್ಯಾಂಟೇ ಅಳತೆಬಟ್ಟೆ. ಹೀಗೆ ಇಪ್ಪತ್ತು ವರ್ಷದಿಂದ ಬಟ್ಟೆ ಕುಗ್ಗುತ್ತಲೇ ಬಂದಿದೆ. ಮಿಲ್ಲಿನವರು ಇಷ್ಟು ಮೋಸ ಮಾಡಬಾರದು ಎಂದು ಅವರು ಆಗಾಗ ಬೇಸರಪಡುತ್ತಾರೆ.

ಇನ್ನು ಅವರ ಹೊಟ್ಟೆಕಿಚ್ಚಿನ ವಿಷಯ. ಪಕ್ಕದ ನಗರದಲ್ಲಿ ಕೋಟು ಹೊಲಿಯುವವನೊಬ್ಬನಿದ್ದಾನೆ. ಅವನೂ ಮಾಸ್ಟರೂ ಒಂದೇ ಗುರುವಿನ ಹತ್ತಿರ ಕೆಲಸ ಕಲಿತವರು. ಕಣ್ಣು ಮಂಜಾಗಿ ಗುರುಗಳು ಕೆಲಸ ಬಿಟ್ಟ ದಿನ ತಮ್ಮ ಕತ್ತರಿಯನ್ನು ಅವನ ಕೈಗೆ ಕೊಟ್ಟರು, ಮಾಸ್ಟರಿಗೆ ಒಳ್ಳೆಯ ಮಾತು ಕೊಟ್ಟರು. ಅಂದಿನಿಂದ ಮಾಸ್ಟರ ಬಾಯಲ್ಲಿ ಅವನ ಹೆಸರು ಕತ್ತರಿ. ಅವನು ಇಟ್ಟ ಕಾಲರು ಕುತ್ತಿಗೆಗೆ ಕೂರುವುದಿಲ್ಲ, ಅವನು ಹೊಲಿದ ಕೋಟು ಹ್ಯಾಂಗರಿಗೆ ಮಾತ್ರ ಚಂದ ಎಂದು ದಿನಕ್ಕೊಮ್ಮೆಯಾದರೂ ಬೈಯದೆ ಅಂಗಡಿ ಮುಚ್ಚುವುದಿಲ್ಲ. ಒಳಗೆ ಕೂತು ಗುಂಡಿ ಹಚ್ಚುವ, ಗುಂಡಿಯ ತೂತಿಗೆ ಕಾಜಾ ಮಾಡುವ ಹೆಂಡತಿ ಅದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದಾರೆ.

ಆ ಹೆಂಡತಿ ಒಂದು ಬುಧವಾರ ದಾರ ಹಲ್ಲಿನಿಂದ ಕಡಿದು, ಈ ಶನಿವಾರ ಭಾನುವಾರ ನಗರ ನೋಡಿ ಬರೋಣ ಎಂದರು. ಮ್ಯೂಸಿಯಮ್ಮಿನಲ್ಲಿ ತಿಮಿಂಗಿಲದ ಎಲುಬು ಇದೆಯಂತೆ, ಕೆರೆಯಲ್ಲಿ ದೋಣಿ ಇದೆಯಂತೆ. ಮದುವೆಯಾದ ವರ್ಷವೇ ಕೇಳಿದ್ದರು. ಆಗ ಗಿರಾಕಿಗಳ ಬಟ್ಟೆಯ ಡೆಲಿವರಿ ಇತ್ತು. ಆಮೇಲೆ ಪ್ರತಿ ವರ್ಷವೂ ಡೆಲಿವರಿ ಇತ್ತು. ಈ ಸಲವೂ ಮಾಸ್ಟರು ಡೆಲಿವರಿ ಎಂದು ಬಾಯಿ ತೆರೆಯುವಷ್ಟರಲ್ಲಿ ಆಕೆ, "ನೀವು ಬರದೇ ಇದ್ರೆ ನಾನೊಬ್ಬಳೇ ಹೋಗ್ತೀನಿ ರೀ. ಟಿಕೆಟ್ ಮಾಡಿಸಿ ಆಯ್ತು" ಎಂದರು.

ಮಾಸ್ಟರು ಒಪ್ಪಿದರು. ಅಂಗಡಿಯ ಮುಂದೆ 'ಎರಡು ದಿನ ರಜೆ, ಬೈಯುವವರು ಸೋಮವಾರ ಬರಬೇಕು' ಎಂದು ಬೋರ್ಡು ಬಿತ್ತು. ಊರು ಬಿಟ್ಟು ಓಡಿಹೋಗುತ್ತಿದ್ದಾರೆಂದು ತಿಳಿದ ಇಬ್ಬರು ಗಿರಾಕಿಗಳು ಬಂದು ಕತ್ತರಿಸದ ಬಟ್ಟೆ ವಾಪಸು ಒಯ್ದರು. ನಾನೂ ಹೋಗಿದ್ದೆ, ಆದರೆ ನನ್ನದು ಆಗಲೇ ಕತ್ತರಿಸಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಬಸ್ಸಿನ ಟಿಕೆಟ್ ಎಷ್ಟು ಗಂಟೆಯದೆಂದು ನೋಡಲು ಮಾಸ್ಟರು ಹೆಂಡತಿಯ ಕೈಚೀಲಕ್ಕೆ ಕೈ ಹಾಕಿದರು. ಟಿಕೆಟ್ಟಿನ ಜೊತೆ ಮಡಚಿದ ಒಂದು ಚೀಟಿ ಬಂತು. ಹೆಂಡತಿಯ ಅಕ್ಷರ. 'ಎದೆ ೪೦. ಸೊಂಟ ೪೨. ಭುಜ ೧೮. ತೋಳು ೨೩. ಎಡಭುಜ ಅರ್ಧ ಇಂಚು ಇಳಿಜಾರು.' ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ, 'ಭಾನುವಾರ ಹನ್ನೊಂದು ಗಂಟೆ. ಇವರಿಗೆ ಗೊತ್ತಾಗಬಾರದು.'

ಬೇರೆ ಯಾವ ಗಂಡನಿಗಾದರೂ ಇದು ಬರೀ ಚೀಟಿ. ಮಾಸ್ಟರಿಗೆ ಅದರಿಂದ ಒಬ್ಬ ಗಂಡಸು ಎದ್ದು ನಿಂತ. ಗಿಡ್ಡ ತೋಳು, ಅಗಲ ಭುಜ, ಎದೆಗಿಂತ ಎರಡು ಇಂಚು ಮುಂದೆ ನಡೆಯುವ ಹೊಟ್ಟೆ, ಜೋತುಬಿದ್ದ ಎಡ ಹೆಗಲು. ಇಂಥವನು ತಮ್ಮ ಗಿರಾಕಿಗಳಲ್ಲಿ ಯಾರೂ ಇಲ್ಲ ಎಂಬುದು ಅವರಿಗೆ ಕ್ಷಣದಲ್ಲಿ ಹೊಳೆಯಿತು. ಮುಂದಿನ ಕ್ಷಣದಲ್ಲಿ ಹೊಳೆದದ್ದು ಇನ್ನೂ ಕೆಟ್ಟದ್ದು. ಸೊಂಟದ ಅಳತೆ ಕೇಳಿ ಬರೆದುಕೊಳ್ಳುವುದಲ್ಲ, ಟೇಪು ಸುತ್ತಬೇಕು. ಟೇಪು ಸುತ್ತಬೇಕಾದರೆ ಕೈ ಸುತ್ತಬೇಕು. ನಲವತ್ತೆರಡು ಇಂಚಿನ ಸುತ್ತಿಗೆ ಹೆಂಗಸಿನ ಕೈ ಸಾಲುವುದಿಲ್ಲ, ಕೆನ್ನೆ ಹೊಟ್ಟೆಗೆ ತಾಗಲೇಬೇಕು. ಮಾಸ್ಟರಿಗೆ ಮೈಯೆಲ್ಲ ಉರಿದುಹೋಯಿತು.

ಚೀಟಿಯನ್ನು ಜೇಬಿಗೆ ಸೇರಿಸಿ, ಪಕ್ಕದ ಇಸ್ತ್ರಿ ಅಂಗಡಿಗೆ ಹೋಗಿ ಕೂತರು. ಇಸ್ತ್ರಿಯವನು ನಮ್ಮ ಬೀದಿಯ ಸಲಹೆಗಾರ. ಎಲ್ಲರ ಬಟ್ಟೆಯ ಸುಕ್ಕು ಅವನಿಗೆ ಗೊತ್ತು, ಮನೆಯ ಸುಕ್ಕೂ ಗೊತ್ತು. ಅವನು ಚೀಟಿ ಓದಿ, ಇತ್ತೀಚೆಗೆ ಕೆಟ್ಟ ಕನಸೇನಾದರೂ ಬಿದ್ದಿತ್ತೇ ಎಂದು ವಿಚಾರಿಸಿದ. ಬಿದ್ದಿತ್ತು. ಹೋದ ತಿಂಗಳು ಒಂದು ಭಾನುವಾರ ಊಟ ಮಾಡಿ ಮಲಗಿದ್ದಾಗ ತಣ್ಣಗಿನ ಹಾವೊಂದು ಎದೆಗೆ ಸುತ್ತಿ, ಬಿಚ್ಚಿ, ಸೊಂಟಕ್ಕೆ ಸುತ್ತಿ, ತೋಳಿನ ಮೇಲೆ ಹರಿದುಹೋಗಿತ್ತು.

"ಹಾವು ಅಂದ್ರೆ ಶತ್ರು ಮಾಸ್ಟ್ರೇ," ಎಂದ ಇಸ್ತ್ರಿಯವನು. "ಸೊಂಟಕ್ಕೇ ಸುತ್ತಿದೆ ಅಂದ್ರೆ ಶತ್ರು ಮನೆ ಒಳಗೇ ಬಂದು ಹೋಗಿದಾನೆ. ಅಕ್ಕನ ಹತ್ರ ಬಾಯಿ ಬಿಡಬೇಡಿ. ಸುಮ್ಮನೆ ಹೋಗಿ. ಅಳತೆ ಕೈಯಲ್ಲಿದೆ, ಮನುಷ್ಯ ಸಿಕ್ಕೇ ಸಿಗ್ತಾನೆ."

ಇಸ್ತ್ರಿಯವನಿಗೆ ಹೇಳಿದ ಗುಟ್ಟು ಬಿಸಿ ಆರುವ ಮೊದಲೇ ಮನೆಮನೆ ಸೇರುತ್ತದೆ. ಅಂದು ಸಂಜೆ ನಮ್ಮ ಬೀದಿಯ ದಪ್ಪ ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಓಡಾಡಿದರು. ಹಾಲಿನ ಅಂಗಡಿಯವನಂತೂ ತನ್ನದು ನಲವತ್ತಾರು, ನಲವತ್ತೆರಡಲ್ಲ ಎಂದು ಕೇಳದಿದ್ದವರಿಗೂ ಹೇಳಿಕೊಂಡು ಬಂದ. ಹುಟ್ಟಿದಾಗಿನಿಂದ ಅವನು ತನ್ನ ಹೊಟ್ಟೆಯ ಬಗ್ಗೆ ನಿಜ ಹೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಬಸ್ಸು ಹೊರಟಿತು. ಹೆಂಡತಿ ಕಿಟಕಿಯ ಪಕ್ಕ ಕೂತು, ಅದು ನೋಡಿ ಇದು ನೋಡಿ ಎಂದು ತೋರಿಸುತ್ತಾ ಬಂದರು. ಆಕೆಯ ಮುಖದಲ್ಲಿದ್ದ ಸಂತೋಷವನ್ನು ಕಂಡಷ್ಟೂ ಮಾಸ್ಟರ ಸಂಕಟ ಹೆಚ್ಚಿತು. ತಮ್ಮ ಜೊತೆ ಬರುವುದಕ್ಕೆ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಅವರು ಕಿಟಕಿಯ ಕಡೆ ತಿರುಗದೆ ಬಸ್ಸಿನ ಗಂಡಸರನ್ನು ಸಾಲಾಗಿ ಅಳೆದರು. ಮೂವತ್ತೆರಡು, ಮೂವತ್ತಾರು, ಕಂಡಕ್ಟರು ಮೂವತ್ತೆಂಟು. ಡ್ರೈವರನನ್ನು ಅಳೆಯಲು ಮುಂದೆ ಹೋದಾಗ, ಚಲಿಸುವ ಬಸ್ಸಿನಲ್ಲಿ ಹಾಗೆಲ್ಲ ಬಗ್ಗಿ ನೋಡಬಾರದು ಎಂದು ಬೈಸಿಕೊಂಡು ಬಂದರು.

ಲಾಡ್ಜಿನಲ್ಲಿ ಕೌಂಟರಿನ ಹಿಂದೆ ಕೂತಿದ್ದ ಗುಮಾಸ್ತ, "ಬನ್ನಿ ಅಮ್ಮಾ, ನೀವು ಫೋನ್ ಮಾಡಿದ್ರಲ್ಲ" ಎಂದು ನಗುತ್ತಾ ಬೀಗದ ಕೈ ಕೊಟ್ಟ. ಮಾಸ್ಟರ ಕಿವಿ ನೆಟ್ಟಗಾಯಿತು. ಎದೆ ನಲವತ್ತು, ಅನುಮಾನವೇ ಇಲ್ಲ. ಆದರೆ ಎದೆಯಿಂದ ಕೆಳಗಿನದೆಲ್ಲ ಕೌಂಟರಿನ ಮರೆಯಲ್ಲಿತ್ತು.

"ಸ್ವಲ್ಪ ಎದ್ದು ನಿಲ್ತೀರಾ?" ಎಂದು ಕೇಳಿದರು.

"ಯಾಕೆ ಸಾರ್?"

"ಸುಮ್ಮನೆ."

ಗುಮಾಸ್ತ ಗಾಬರಿಯಿಂದ ಎದ್ದು ನಿಂತ. ಸೊಂಟ ಮೂವತ್ತನಾಲ್ಕು. ಮಾಸ್ಟರು ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ ಮೆಟ್ಟಿಲು ಹತ್ತಿದರು. ಆ ಗುಮಾಸ್ತ ಎರಡು ದಿನವೂ ಅವರು ಬಂದಾಗ ಹೋದಾಗ ತಾನಾಗಿ ಎದ್ದು ನಿಲ್ಲುತ್ತಿದ್ದನಂತೆ, ಯಾವುದೋ ದೊಡ್ಡ ಅಧಿಕಾರಿ ಎಂದುಕೊಂಡು.

ಮಧ್ಯಾಹ್ನ ಮ್ಯೂಸಿಯಮ್ಮಿಗೆ ಹೋದರು. ತಿಮಿಂಗಿಲದ ಕೋಣೆಯ ಬಾಗಿಲಲ್ಲಿ ಕಾವಲುಗಾರನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಹೆಂಡತಿ ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು, ಅವನು ಕೈ ಚಾಚಿ ಏನೋ ವಿವರಿಸಿದ, ಇಬ್ಬರೂ ನಕ್ಕರು. ಆಕೆ ಕೇಳಿದ್ದು ಒಂದು ಬೀದಿಗೆ ಹೋಗುವ ದಾರಿ ಎಂಬುದು ಆಮೇಲೆ ತಿಳಿದದ್ದು. ಆಗ ಮಾಸ್ಟರಿಗೆ ಕಂಡದ್ದು ಅವನ ಎಡಭುಜ ಮಾತ್ರ. ಅರ್ಧ ಇಂಚು ಇಳಿಜಾರು. ಗಿಡ್ಡ ತೋಳು. ಹೊಟ್ಟೆಯಂತೂ ಹಿಂದಿನಿಂದಲೇ ಕಾಣುತ್ತಿತ್ತು.

ಕಣ್ಣಳತೆಯನ್ನು ನಂಬಿ ಒಬ್ಬನ ಮೇಲೆ ಅಪವಾದ ಹೊರಿಸುವಷ್ಟು ಸಣ್ಣವರಲ್ಲ ನಮ್ಮ ಮಾಸ್ಟರು. ಹೆಂಡತಿ ತಿಮಿಂಗಿಲದ ಕಡೆ ಹೆಜ್ಜೆಯಿಟ್ಟ ಕೂಡಲೇ ಜೇಬಿನಿಂದ ಟೇಪು ತೆಗೆದು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಬಂದು, ಅವನ ಹೊಟ್ಟೆಯ ಸುತ್ತ ಸರಕ್ಕನೆ ಎಳೆದರು.

ಕಾವಲುಗಾರ ಹಾವು ಎಂದು ಕೂಗಿದ. ಆ ಕೂಗಿಗೆ ತಿಮಿಂಗಿಲ ನೋಡುತ್ತಿದ್ದವರೆಲ್ಲ ಹೊರಗೆ ಓಡಿದರು. ಅಪಾಯದ ಗಂಟೆ ಮೊಳಗಿತು, ಬಾಗಿಲುಗಳು ಮುಚ್ಚಿದವು. ಆ ಗದ್ದಲದ ನಡುವೆ ಮಾಸ್ಟರು ಟೇಪು ಬಿಡದೆ ಕನ್ನಡಕ ಸರಿಮಾಡಿಕೊಂಡು ಓದಿದರು. ನಲವತ್ತನಾಲ್ಕು.

ಮ್ಯೂಸಿಯಮ್ಮಿನ ಅಧಿಕಾರಿ ತನ್ನ ಕೋಣೆಯಲ್ಲಿ ಇವರನ್ನು ಎದುರಿಗೆ ಕೂರಿಸಿಕೊಂಡು, ಟೇಪನ್ನು ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟ. ವಿಷಯ ಅವನಿಗೆ ಸ್ಪಷ್ಟವಾಗಿತ್ತು. ಕಾವಲುಗಾರನ ಅಳತೆಗೆ ಸಮವಸ್ತ್ರ ಹೊಲಿಸುವುದು, ಅದನ್ನು ತೊಟ್ಟು ಒಳಗೆ ಬರುವುದು, ಬೆಲೆಬಾಳುವ ವಸ್ತು ಸಾಗಿಸುವುದು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇಂಥದ್ದು ನಡೆದಿರಲಿಲ್ಲ, ಆದ್ದರಿಂದಲೇ ಇದು ನಡೆಯುತ್ತದೆಂದು ಅವನಿಗೆ ಖಾತ್ರಿಯಿತ್ತು.

"ಆ ಕೋಣೆಯಲ್ಲಿ ಇರೋದು ತಿಮಿಂಗಿಲ ಒಂದೇ ಅಲ್ವಾ ಸಾರ್?" ಎಂದು ಮಾಸ್ಟರ ಹೆಂಡತಿ ಮೆಲ್ಲನೆ ಕೇಳಿದರು. "ಅದು ಬಾಗಿಲಲ್ಲಿ ಹಿಡಿಸುತ್ತಾ?"

ಅಧಿಕಾರಿ ಮೇಜಿನ ಮೇಲಿನ ಟೇಪನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಅದು ತನಿಖೆಗೆ ಬಿಟ್ಟ ವಿಷಯ ಎಂದ.

ಕೊನೆಗೆ ಹೆಂಡತಿಯೇ ದಾರಿ ಹುಡುಕಿದರು. ಇದು ಇವರ ಹಳೆಯ ಅಭ್ಯಾಸ, ಹೆಣ್ಣು ನೋಡಲು ಬಂದ ದಿನ ತಮ್ಮ ಅಪ್ಪನ ಅಳತೆಯನ್ನೂ ಹೀಗೇ ತೆಗೆದಿದ್ದರು ಎಂದು ವಿವರಿಸಿದರು. ಅಧಿಕಾರಿಯ ಕೋಟಿನ ಗುಂಡಿಯೊಂದು ದಾರದ ತುದಿಯಲ್ಲಿ ನೇತಾಡುತ್ತಿದ್ದುದನ್ನು ನೋಡಿ ಕೈಚೀಲದಿಂದ ಸೂಜಿ ತೆಗೆದು ಅಲ್ಲೇ ಹಚ್ಚಿಕೊಟ್ಟರು. ದಾರ ಕಡಿಯಲು ಆಕೆ ಅವನ ಎದೆಯ ಹತ್ತಿರ ತಲೆ ಬಗ್ಗಿಸಿದಾಗ, 'ಅಭ್ಯಾಸಬಲದಿಂದ ತಪ್ಪಾಯಿತು' ಎಂದು ಬರೆದುಕೊಡುತ್ತಿದ್ದ ಮಾಸ್ಟರ ಪೆನ್ನು ಕಾಗದ ಹರಿಯಿತು. ಎದೆ ನಲವತ್ತು. ಸೊಂಟ, ಮೇಜಿನ ಪಕ್ಕದಿಂದ ಬಗ್ಗಿ ನೋಡಿದರೆ, ಮೂವತ್ತಾರು. ಅಧಿಕಾರಿ ಇನ್ನೊಂದು ಕಾಗದ ಕೊಟ್ಟ, ಮಾಸ್ಟರು ಇನ್ನೊಮ್ಮೆ ಬರೆದರು.

ಹೊರಗೆ ಬರುವಷ್ಟರಲ್ಲಿ ಮ್ಯೂಸಿಯಮ್ ಮುಚ್ಚುವ ವೇಳೆ. ಇಪ್ಪತ್ತು ವರ್ಷ ಕಾದು ಬಂದ ಹೆಂಗಸು ಅಲ್ಲಿ ನೋಡಿದ್ದು ಅಧಿಕಾರಿಯ ಕೋಣೆಯ ಗೋಡೆ ಗಡಿಯಾರ. ಕೆರೆಗಾದರೂ ಹೋಗೋಣ ಎಂದರು ಆಕೆ.

ಕೆರೆಯ ಏರಿಯ ಮೇಲೆ ಇಬ್ಬರೂ ಕಲ್ಲುಬೆಂಚಿನಲ್ಲಿ ಕೂತರು. ದೋಣಿಯ ಸರದಿ ಬರಬೇಕಿತ್ತು. ಮಾಸ್ಟರಿಗೆ ತಡೆಯಲಾಗಲಿಲ್ಲ. ಇಸ್ತ್ರಿಯವನ ಸಲಹೆಯನ್ನೂ ಮೀರದೆ, ವಿಷಯವನ್ನೂ ಬಿಡದೆ, ಸುತ್ತಿಬಳಸಿ ಕೇಳಿದರು.

"ಅಲ್ಲ ಕಣೇ, ಸೊಂಟ ನಲವತ್ತೆರಡು ಇರೋ ಗಂಡಸನ್ನ ಯಾವಳಾದ್ರೂ ಇಷ್ಟಪಡ್ತಾಳಾ?"

ಹೆಂಡತಿ ಬೆಚ್ಚಿ ನೋಡಿದರು. ಆಮೇಲೆ ಅವರ ತುಟಿಯ ಮೂಲೆಯಲ್ಲಿ ನಗು ಮೂಡಿತು. "ಯಾಕೆ ಇಷ್ಟಪಡಬಾರದು? ಮನುಷ್ಯ ಒಳ್ಳೆಯವನಾದ್ರೆ ಸೊಂಟ ಎಷ್ಟಿದ್ರೇನು?"

"ಎಡಭುಜ ಜೋತುಬಿದ್ದಿದ್ರೆ?"

"ಪಾಪ, ದುಡಿದು ದುಡಿದು ಹಾಗಾಗಿರುತ್ತೆ" ಎಂದು ಆಕೆ ನೀರಿನ ಕಡೆ ತಿರುಗಿ ತಮ್ಮಷ್ಟಕ್ಕೆ ನಕ್ಕರು.

ಆ ಪಾಪ ಎಂಬ ಎರಡು ಅಕ್ಷರ ಮಾಸ್ಟರ ಎದೆಗೆ ಸೂಜಿಯಂತೆ ಚುಚ್ಚಿತು. ಇಪ್ಪತ್ತು ವರ್ಷ ತುಳಿಯುವ ಮಿಷನ್ ತುಳಿದರೂ ತಮಗೆ ಎಂದೂ ಸಿಗದ ಪಾಪ ಅದು. ಅಷ್ಟರಲ್ಲಿ ದೋಣಿಯವನು ಇವರನ್ನು ಕರೆದ. ಮಾಸ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೋಣಿಯ ಹುಟ್ಟು ಹಾಕುವವರ ಭುಜವೇ ಹೀಗೆ ಎಂದು ಏನೇನೋ ಗೊಣಗಿ, ತಲೆಸುತ್ತು ಎಂದು ಎದ್ದುಬಿಟ್ಟರು. ದೋಣಿ ಬೇರೆ ಜೋಡಿಯನ್ನು ಕೂರಿಸಿಕೊಂಡು ಹೋಯಿತು. ಹೆಂಡತಿ ಅದು ನಡುನೀರು ಸೇರುವವರೆಗೂ ನೋಡುತ್ತಾ ನಿಂತಿದ್ದರಂತೆ. ಇದನ್ನು ಹೇಳುವಾಗ ಮಾಸ್ಟರು ನನ್ನ ಮುಖ ನೋಡಲಿಲ್ಲ. ನನ್ನ ಪ್ಯಾಂಟನ್ನು ಹುಡುಕುವವರ ಹಾಗೆ ಕಪಾಟಿನೊಳಗೆ ತಲೆ ಹಾಕಿದ್ದರು.

ಸಂಜೆ ಹೆಂಡತಿಯ ತಂಗಿಯ ಮನೆಯಲ್ಲಿ ಊಟ. ತಂಗಿಯ ಗಂಡ, ಅಂದರೆ ಮಾಸ್ಟರ ಷಡ್ಡಕ, ಸಾಧು ಮನುಷ್ಯ. ಆದರೆ ಅಕ್ಕತಂಗಿಯರು ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಷಡ್ಡಕ ಊಟದ ನಡುವೆ, "ನಾಳೆ ಹನ್ನೊಂದಕ್ಕೆ..." ಎಂದು ಶುರುಮಾಡಿ ಹೆಂಡತಿಯ ಕಣ್ಣು ನೋಡಿ ನೀರು ಕುಡಿದ. ಇವನೂ ಆಗಬಹುದು ಎಂದು ಮಾಸ್ಟರಿಗೆ ಅನಿಸಿತು. ಅವನು ತೊಟ್ಟದ್ದು ಸಡಿಲ ಜುಬ್ಬಾ, ಅದರೊಳಗೆ ಮೂವತ್ತೂ ಇರಬಹುದು ಐವತ್ತೂ ಇರಬಹುದು. ಟೇಪಿಗೆ ಕೈ ಹಾಕುವಂತಿರಲಿಲ್ಲ, ಅದು ಮ್ಯೂಸಿಯಮ್ಮಿನಲ್ಲಿ ಸಾಕ್ಷಿಯಾಗಿ ಉಳಿದಿತ್ತು. ಹೊರಡುವಾಗ ಮಾಸ್ಟರು ಬೇರೆ ದಾರಿ ಕಾಣದೆ ಷಡ್ಡಕನನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿಕೊಂಡರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನೆಟ್ಟಗೆ ಮಾತನಾಡಿಸದವರು ಅಪ್ಪಿಕೊಂಡದ್ದಕ್ಕೆ ಷಡ್ಡಕನ ಕಣ್ಣು ತುಂಬಿತು. "ಭಾವ, ನೀವು ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟಿದ್ದೀರಿ ಅಂತ ಗೊತ್ತೇ ಇರ್ಲಿಲ್ಲ" ಎಂದ. ಸೊಂಟ ಮೂವತ್ತೊಂದು.

ಭಾನುವಾರ ಹತ್ತೂವರೆಗೆ ಹೆಂಡತಿ ತಲೆ ಬಾಚಿಕೊಂಡು, ಕೆಳಗೆ ಬಂದಿರುವ ತಂಗಿಯ ಜೊತೆ ಹೋಗಿ ಅರ್ಧ ಗಂಟೆಯಲ್ಲಿ ಬರ್ತೀನಿ, ನೀವು ಮಲಗಿರಿ ಎಂದರು. ಮದುವೆಯಾದಂದಿನಿಂದ ಆಕೆ ತಾನಾಗಿ ಮಲಗಿ ಎಂದದ್ದು ಇದೇ ಮೊದಲು. ಮಾಸ್ಟರು ಕಣ್ಣು ಮುಚ್ಚಿ ನೂರು ಎಣಿಸಿ ಎದ್ದರು. ಗುಮಾಸ್ತ ಎದ್ದು ನಿಂತ. ಬೀದಿಯಲ್ಲಿ ಮುಂದೆ ಹೆಂಡತಿ ಮತ್ತು ನಾದಿನಿ, ಹಿಂದೆ ಒಬ್ಬ ನಲವತ್ತೆಂಟು ಸೊಂಟದವನು, ಅವನ ಮರೆಯಲ್ಲಿ ಮಾಸ್ಟರು. ದಾರಿಯಲ್ಲಿ ಒಂದು ಅಂಗಡಿ ಹೊಕ್ಕು ಹೊಸ ಟೇಪು ಕೊಂಡರು. ಆಯುಧವಿಲ್ಲದೆ ಯುದ್ಧಕ್ಕೆ ಹೋಗುವುದು ಸರಿಯಲ್ಲ.

ಎರಡು ತಿರುವು ದಾಟಿದ ಮೇಲೆ ಅಕ್ಕತಂಗಿಯರು ಗಾಜಿನ ಬಾಗಿಲಿನ ಒಂದು ಅಂಗಡಿ ಹೊಕ್ಕರು. ಒಳಗೆ ಸಾಲಾಗಿ ಕೋಟುಗಳು. ಕುತ್ತಿಗೆಗೆ ಟೇಪು ಹಾಕಿಕೊಂಡು, "ಬನ್ನಿ ಅತ್ತಿಗೆ, ಸರಿಯಾಗಿ ಹನ್ನೊಂದಕ್ಕೆ ಬಂದ್ರಿ" ಎಂದು ಎದ್ದು ಬಂದವನು ಕತ್ತರಿ.

ಮಾಸ್ಟರು ಫುಟ್‌ಪಾತಿನ ಮೇಲೆ ನಿಂತಲ್ಲೇ ನಿಂತರು. ಹೆಂಡತಿ ಯಾರನ್ನೋ ಮೆಚ್ಚಿದ್ದಾಳೆ ಎಂಬುದನ್ನು ಎರಡು ದಿನದಿಂದ ಹೇಗೋ ನುಂಗಿಕೊಂಡಿದ್ದರು. ಆದರೆ ಮೆಚ್ಚಿದವನಿಗೆ ಕೋಟು ಹೊಲಿಸಬೇಕು ಎನಿಸಿದೆ, ಮನೆಯಲ್ಲೇ ಟೈಲರ್ ಇದ್ದಾನೆ, ಅವನನ್ನು ಬಿಟ್ಟು ಇನ್ನೊಬ್ಬ ಟೈಲರ ಹತ್ತಿರ ಬಂದಿದ್ದಾಳೆ. ಅದೂ ಇವನ ಹತ್ತಿರ. ಇದನ್ನು ಯಾವ ಗಂಡ ಸಹಿಸುತ್ತಾನೆ? ಗಾಜಿನ ಬಾಗಿಲನ್ನು ದೂಡಿಕೊಂಡು ಒಳಗೆ ನುಗ್ಗಿದರು.

"ಎಲ್ಲಿ ಅವನು?"

"ಯಾರು ರೀ?" ಹೆಂಡತಿಯ ಮುಖ ಬಿಳಿಚಿಕೊಂಡಿತು.

ಮಾಸ್ಟರು ಚೀಟಿ ತೆಗೆದು ಎತ್ತಿಹಿಡಿದರು. "ಈ ನಲವತ್ತೆರಡು. ಈ ಹೊಟ್ಟೆಯವನು. ಈ ಜೋತ ಭುಜದವನು. ಹೊರಗೆ ಕರೀ ಅವನನ್ನ, ನಾನೂ ನೋಡ್ತೀನಿ."

ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಚೀಟಿಯನ್ನು ನೋಡಿದರು, ಗಂಡನನ್ನು ನೋಡಿದರು. ಕತ್ತರಿ ಮಾತ್ರ ಮಾಸ್ಟರ ಮುಂದೆ ಬಂದು ಕುತ್ತಿಗೆಯಿಂದ ಟೇಪು ತೆಗೆದ.

"ಕೈ ಎತ್ತು," ಎಂದ.

ಮಾಸ್ಟರು ಸಾವಿರಾರು ಜನರಿಗೆ ಹೇಳಿದ ಮಾತು. ತಮಗೆ ಯಾರೂ ಹೇಳಿರಲಿಲ್ಲ. ಕೈಗಳು ತಾವಾಗಿ ಮೇಲೆದ್ದವು. ಟೇಪು ತಣ್ಣಗೆ ಎದೆಯನ್ನು ಸುತ್ತಿತು, ಬಿಚ್ಚಿತು, ಸೊಂಟವನ್ನು ಸುತ್ತಿತು. ಈ ಹಾವಿನ ಪರಿಚಯ ತಮಗಿದೆ ಎಂದು ಅವರಿಗೆ ಆಗಲೇ ಅನಿಸತೊಡಗಿತ್ತು.

"ಎದೆ ನಲವತ್ತು," ಎಂದು ಕತ್ತರಿ ಓದಿದ. "ಸೊಂಟ ನಲವತ್ತೆರಡು."

"ನಿನ್ನ ಟೇಪು ಸರಿ ಇಲ್ಲ" ಎಂದು ಮಾಸ್ಟರು ಹೊಸ ಟೇಪಿನ ಪ್ಯಾಕೆಟ್ ಹರಿದು ತಾವೇ ಸುತ್ತಿಕೊಂಡರು. ನಲವತ್ತೆರಡೂ ಕಾಲು ಬಂತು. ಕಾಲು ಇಂಚು ಷಡ್ಡಕನ ಮನೆಯ ಊಟದ್ದು. ತಲೆಯೆತ್ತಿದರೆ ಎದುರಿಗೆ ಆಳೆತ್ತರದ ಕನ್ನಡಿ. ಎರಡು ದಿನದಿಂದ ಬಸ್ಸು, ಲಾಡ್ಜು, ಮ್ಯೂಸಿಯಮ್ಮು, ಕೆರೆ ಎಲ್ಲ ಕಡೆ ಹುಡುಕಿದ ಆಸಾಮಿ ಅದರಲ್ಲಿ ನಿಂತಿದ್ದ. ಗಿಡ್ಡ ತೋಳು, ಅಗಲ ಭುಜ, ಎದೆಗಿಂತ ಮುಂದೆ ಬಂದ ಹೊಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರು ಎಡ ಹೆಗಲನ್ನು ಮುಟ್ಟಿ ನೋಡಿಕೊಂಡರು. ಅರ್ಧ ಇಂಚು ಇಳಿಜಾರು, ಅನುಮಾನವಿಲ್ಲ.

ಕತ್ತರಿ ಒಳಗಿನಿಂದ ಬೂದುಬಣ್ಣದ ಕೋಟೊಂದನ್ನು ತಂದು ಮೇಜಿನ ಮೇಲಿಟ್ಟ.

ಮಾಸ್ಟರ ಹೆಂಡತಿ ಬೆಂಚಿನ ಮೇಲೆ ಕೂತರು. "ಎರಡು ದಿನದಿಂದ ಇದಕ್ಕಾ ನೀವು ಹಾಗಾಡ್ತಿದ್ದದ್ದು?" ಎಂದರು. ದನಿ ಸಣ್ಣದಾಗಿತ್ತು. "ಇಪ್ಪತ್ತು ವರ್ಷ ಕಾದು ಬಂದೆ. ನೀವು ನೋಡಿದ್ದೆಲ್ಲ ಕಂಡಕಂಡವರ ಹೊಟ್ಟೆ. ಊರಿಗೆಲ್ಲ ಹೊಲಿದ್ರಿ. ನಿಮ್ಮ ಮೈಗೆ ಅಂತ ಯಾರಾದ್ರೂ ಅಳತೆ ತೆಗೆದು ಹೊಲಿದದ್ದು ಒಂದಾದ್ರೂ ಇದೆಯಾ? ನನಗೆ ಅದು ನೋಡಬೇಕಿತ್ತು."

ಮಾಸ್ಟರಿಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗುವಂತಾಯಿತು. ಆದರೂ ಹುಟ್ಟುಗುಣ ಬಿಡಲಿಲ್ಲ. "ಹೊಲಿಸೋದಾದ್ರೆ ಇವನ ಹತ್ರಾನೇ ಆಗಬೇಕಿತ್ತಾ?" ಎಂದರು.

"ಮತ್ತೆ ಯಾರ ಹತ್ರ? ಇಪ್ಪತ್ತು ವರ್ಷದಿಂದ ನೀವು ಬೈತಾ ಇರೋದು ಇವರೊಬ್ಬರನ್ನೇ. ಕೆಟ್ಟದಾಗಿ ಹೊಲಿಯೋರು ಎಷ್ಟೋ ಜನ ಇದಾರೆ, ಅವರ ಹೆಸರೂ ನಿಮ್ಮ ಬಾಯಲ್ಲಿ ಬರಲ್ಲ. ಇಷ್ಟು ಬೈಸಿಕೊಳ್ಳೋರು ಅಂದ್ರೆ ನಿಮಗಿಂತ ಚೆನ್ನಾಗಿ ಹೊಲಿಯೋರೇ ಇರಬೇಕು ಅಂದ್ಕೊಂಡೆ."

ಕತ್ತರಿ ಬೇರೆ ಕಡೆ ತಿರುಗಿ ಕೈಯಲ್ಲಿದ್ದ ಟೇಪು ಸುತ್ತಿಟ್ಟ. ಆಮೇಲೆ ಕೋಟು ಬಿಡಿಸಿ ಹಿಡಿದ. ಮಾಸ್ಟರು ಕೈ ತೂರಿಸಿದರು. ಗುಂಡಿ ಹಾಕಿದರು. ಕಾಲರು ಕುತ್ತಿಗೆಗೆ ಮುತ್ತಿಟ್ಟಂತೆ ಕೂತಿತ್ತು. ಎಡಭುಜದಲ್ಲಿ ಒಂದಿಷ್ಟು ಪ್ಯಾಡು ಹೆಚ್ಚಿಟ್ಟು ಇಳಿಜಾರನ್ನು ಮುಚ್ಚಿದ್ದ, ಹೊಟ್ಟೆಯನ್ನು ಹೊಟ್ಟೆ ಎನ್ನಲಾಗದಂತೆ ಕತ್ತರಿಸಿದ್ದ. ಮಾಸ್ಟರು ತೋಳು ಎಳೆದು ನೋಡಿದರು, ಬಗ್ಗಿ ನೋಡಿದರು, ಕೋಟು ಬಿಚ್ಚಿ ಒಳಮೈ ತಿರುಗಿಸಿ ಲೈನಿಂಗಿನ ಹೊಲಿಗೆಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಒಂದು ತಪ್ಪಾದರೂ ಸಿಕ್ಕಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದೋ ಹೊಟ್ಟೆಕಿಚ್ಚಿನದ್ದೋ ತಮಗೆ ಇವತ್ತಿಗೂ ತಿಳಿದಿಲ್ಲ ಎಂದು ನನಗೆ ಹೇಳಿದರು.

"ಟ್ರಯಲ್ ಇಲ್ಲದೆ ನಾನು ಕೋಟು ಹೊಲಿದದ್ದು ಇದೇ ಮೊದಲು," ಎಂದ ಕತ್ತರಿ. "ಅತ್ತಿಗೆ ಫೋನಲ್ಲಿ ಹೇಳಿದ ಅಳತೆ ನೂಲಿನಷ್ಟೂ ತಪ್ಪಿರಲಿಲ್ಲ. ಮಲಗಿರೋ ಮನುಷ್ಯನ ಅಳತೆ ತೆಗೆಯೋದು ನನಗೂ ಬರಲ್ಲ, ನಮ್ಮ ಗುರುಗಳಿಗೂ ಬರ್ತಿರಲಿಲ್ಲ."

ಬಸ್ಸು ಸಂಜೆ ಐದಕ್ಕೆ ಇತ್ತು. ಮಾಸ್ಟರು ಕೋಟು ತೊಟ್ಟುಕೊಂಡೇ ಹೆಂಡತಿಯನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಇವರನ್ನು ಕಂಡ ಕೂಡಲೇ ಕಾವಲುಗಾರ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ನಿಂತ. ಅಲ್ಲಿಂದ ದೋಣಿಗೆ ಹೋದರು. ನಡುನೀರಿನಲ್ಲಿ ಹೆಂಡತಿ, ತಿಮಿಂಗಿಲ ಎಷ್ಟು ಉದ್ದ ಇತ್ತು ಅಲ್ವಾ ಎಂದರು. ಮಾಸ್ಟರು ತಾವು ಸರಿಯಾಗಿ ನೋಡಲಿಲ್ಲ ಎಂದರು. ಅಲ್ಲೂ ಯಾರ ಹೊಟ್ಟೆ ನೋಡ್ತಿದ್ರಿ ಎಂದು ಆಕೆ ಕೇಳಿದರು.

"ನಿನ್ನನ್ನ ನೋಡ್ತಿದ್ದೆ," ಎಂದರು ಮಾಸ್ಟರು. ಕೋಟಿನ ಗುಂಡಿ ಮುಟ್ಟಿಕೊಂಡು ಕೇಳಿದರು, "ನಿನ್ನೆ ಹೇಳಿದೆಯಲ್ಲ, ಒಳ್ಳೆಯವನಾದ್ರೆ ಸೊಂಟ ಎಷ್ಟಿದ್ರೇನು ಅಂತ. ನಿಜವಾಗ್ಲೂ?"

"ಒಳ್ಳೆಯವನಾದ್ರೆ ಅಂದೆ," ಎಂದರು ಹೆಂಡತಿ. ಆದರೆ ಕೋಟಿನ ತೋಳನ್ನು ಹಿಡಿದುಕೊಂಡಿದ್ದ ಕೈ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಬೈಯಲು ಬಂದ ನಾವು ಏಳು ಜನ ಅಂಗಡಿಯ ಮುಂದೆ ನಿಂತಿದ್ದೆವು. ಮಾಸ್ಟರು ಕೋಟು ತೊಟ್ಟು ಬಾಗಿಲು ತೆರೆದರು. ಬೈಗುಳ ನಮ್ಮ ಬಾಯಲ್ಲೇ ಉಳಿಯಿತು. ಇಸ್ತ್ರಿಯವನು ಓಡಿಬಂದು ಕೋಟಿನ ಅಂಚು ಮುಟ್ಟಿ, ತಿರುಗಿಸಿ, ಹಿಂದೆ ಮುಂದೆ ನೋಡಿದ. "ಅಬ್ಬಾ ಮಾಸ್ಟ್ರೇ, ಕೊನೆಗೂ ಕೋಟು ಹೊಲಿಯೋಕೆ ಕಲಿತ್ರಿ" ಎಂದ.

ನಾವೆಲ್ಲ ಹೌದು ಎಂದೆವು. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಬಂದ ಅತ್ಯುತ್ತಮ ಕೆಲಸ ಇದು ಎಂದು ಹಾಲಿನ ಅಂಗಡಿಯವನು ಘೋಷಿಸಿದ. ಮಾಸ್ಟರ ಮುಖ ಕೆಂಪಾಯಿತು, ಕಪ್ಪಾಯಿತು. ಸುಮ್ಮನಿದ್ದರೆ ಕೀರ್ತಿ ಬರುತ್ತಿತ್ತು, ಆದರೆ ಅದು ಕತ್ತರಿಯ ಎಂಜಲು. ನಿಜ ಹೇಳಿದರೆ ಕತ್ತರಿಯ ಕೀರ್ತಿ ಬೆಳೆಯುತ್ತಿತ್ತು. ಒಳಗೆ ಕಾಜಾ ಮಾಡುತ್ತಿದ್ದ ಹೆಂಡತಿಯ ಸೂಜಿಯೂ ನಿಂತಿತು. ಆಕೆ ಕಾದು ಕೂತಿದ್ದರು.

"ಹೊಲಿದವನು ನಾನಲ್ಲ," ಎಂದರು ಮಾಸ್ಟರು ಕೊನೆಗೆ. "ನಗರದಲ್ಲಿ ಒಬ್ಬನಿದಾನೆ, ಅವನು ಹೊಲಿದ. ಹೊಲಿಯೋದು ಯಾರು ಬೇಕಾದ್ರೂ ಹೊಲೀತಾರೆ. ಕೋಟು ಕೂರೋದು ಅಳತೆಯಿಂದ. ಅಳತೆ ತೆಗೆದೋಳು ನನ್ನ ಹೆಂಡತಿ."

ಒಳಗೆ ಸೂಜಿ ಮತ್ತೆ ಓಡತೊಡಗಿತು. ಇಸ್ತ್ರಿಯವನಿಗೆ ಕೋಟಿನ ಮೇಲಿನ ಕಣ್ಣು ಕೀಳಲಾಗಲಿಲ್ಲ. "ಹಾಗಾದ್ರೆ ಮಾಸ್ಟ್ರೇ, ಅಕ್ಕನ ಕೈಲಿ ನಂದೂ ಒಂದು ಅಳತೆ ತೆಗೆಸಿಕೊಡಿ" ಎಂದ.

ಮಾಸ್ಟರು ಕುತ್ತಿಗೆಯ ಟೇಪನ್ನು ಸರಕ್ಕನೆ ಎಳೆದುಕೊಂಡು ಅವನಿಗೂ ಒಳಬಾಗಿಲಿಗೂ ನಡುವೆ ಬಂದು ನಿಂತರು.

"ನಿಂದು ನಾನೇ ತೆಗೀತೀನಿ," ಎಂದರು. "ಕೈ ಎತ್ತು."